ಬೂಟ್ ಹರಿದಾಗ ಸದ್ದಾಗಲ್ಲ

 

ಪ್ರತಿ ಸಲ ದುಡ್ಡು, ಉಳಿತಾಯ, ಸಾಲ ಅಂತ ಮಾತಾಡೋ ನಾನು ಇವತ್ತು ಗ್ರೀಸ್ ಬಗ್ಗೆ ಮಾತಾಡ್ತೀನಿ. ವಿಷಯ ಬದಲಾಯ್ತು ಅಂದ್ಕೋಬೇಡಿ. ಇದೂ ದುಡ್ಡಿನ ಕಥೇನೇ. ನಾನು ಕೊಟ್ಟ ಒಂದು ಸಲಹೆಯಿಂದ ನಮ್ಮ ಭಾವನಿಗೆ 42 ಸಾವಿರ ರೂಪಾಯಿ ನಷ್ಟ ಆಯ್ತು. ಹೇಗೆ ಅಂತ ಹೇಳ್ತೀನಿ. ಆಮೇಲೆ ಅದೇ ಕೆಲಸವನ್ನ ಮನೆ ಅಂಗಳದಲ್ಲಿ ನಾವೇ ಮಾಡಿದ್ದು ಹೇಗೆ ಅಂತಾನೂ ಹೇಳ್ತೀನಿ.

ಗಾಡಿ ಯಾವುದು, ಬೂಟ್ ಯಾವುದು

ನಮ್ಮ ಅಕ್ಕ-ಭಾವ ಸಕಲೇಶಪುರದ ಹತ್ರ ಇರೋರು. ಸಣ್ಣ ಕಾಫಿ ತೋಟ, ಜೊತೆಗೆ ನಾಲ್ಕು ರೂಮಿನ ಹೋಮ್‌ಸ್ಟೇ. ಮೂರು ವರ್ಷದ ಹಿಂದೆ ಭಾವ ಒಂದು ಸೆಕೆಂಡ್ ಹ್ಯಾಂಡ್ ಎಟಿವಿ ತಗೊಂಡ್ರು. ದಪ್ಪ ನಾಲ್ಕು ಟೈರು, ಬೈಕ್ ಥರ ಹ್ಯಾಂಡಲ್, ಕೆಸರು-ಕಲ್ಲು ಅಂತ ನೋಡದೆ ಹತ್ತೋ ಗಾಡಿ, ಅದೇ. ನಮ್ಮದು ಫೋರ್ ವೀಲ್ ಡ್ರೈವ್. ರಸ್ತೆಗೆ ನೋಂದಣಿ ಇಲ್ಲ, ತೋಟದ ಒಳಗೆ ಮಾತ್ರ ಓಡಿಸೋದು. ಸುಗ್ಗಿ ಟೈಮಲ್ಲಿ ಕಾಫಿ ಹಣ್ಣಿನ ಮೂಟೆ ಹೊರುತ್ತೆ, ಉಳಿದ ಟೈಮಲ್ಲಿ ಗೆಸ್ಟ್‌ಗಳನ್ನ ಗುಡ್ಡದ ತುದಿಗೆ ಕರ್ಕೊಂಡು ಹೋಗುತ್ತೆ. ರಸ್ತೆಗೆ ಇಳಿಸೋ ಹಾಗಿಲ್ಲ ಅಂದ್ರೆ ಗ್ಯಾರೇಜಿಗೆ ಓಡಿಸ್ಕೊಂಡು ಹೋಗೋ ಹಾಗೂ ಇಲ್ಲ. ಒಂದೋ ಪಿಕಪ್ ಮೇಲೆ ಹೇರಬೇಕು, ಇಲ್ಲಾಂದ್ರೆ ಮನೇಲೇ ಬಿಚ್ಚಬೇಕು.

ಈಗ ಬೂಟ್. ಇಂಜಿನ್ ಶಕ್ತಿ ಮಧ್ಯದಲ್ಲಿರೋ ಗೇರ್ ಪೆಟ್ಟಿಗೆಗೆ ಬರುತ್ತೆ. ಅಲ್ಲಿಂದ ಎರಡೂ ಕಡೆ ಚಕ್ರಕ್ಕೆ ಒಂದೊಂದು ಆಕ್ಸಲ್, ಅಂದ್ರೆ ಕಬ್ಬಿಣದ ಸರಳು ಹೋಗುತ್ತೆ. ಆದ್ರೆ ಚಕ್ರ ಒಂದೇ ಕಡೆ ನಿಲ್ಲಲ್ಲ. ಹಳ್ಳ ಬಂದ್ರೆ ಇಳಿಯುತ್ತೆ, ಕಲ್ಲು ಬಂದ್ರೆ ಏರುತ್ತೆ, ಹ್ಯಾಂಡಲ್ ತಿರುಗಿಸಿದ್ರೆ ಓರೆಯಾಗುತ್ತೆ. ನೇರ ಸರಳು ಇದಕ್ಕೆಲ್ಲ ಬಗ್ಗೋಕೆ ಆಗಲ್ಲ. ಅದಕ್ಕೇ ಆಕ್ಸಲ್‌ನ ಎರಡೂ ತುದಿಗೆ ಒಂದೊಂದು ಕೀಲು ಇರುತ್ತೆ. ಮೆಕ್ಯಾನಿಕ್‌ಗಳು ಸಿವಿ ಜಾಯಿಂಟ್ ಅಂತಾರೆ. ಎಷ್ಟೇ ಓರೆಯಾದ್ರೂ ಒಂದೇ ವೇಗದಲ್ಲಿ ತಿರುಗೋ ಕೀಲು ಅಂತ ಅರ್ಥ. ಚಕ್ರದ ಕಡೆ ಕೀಲಿನೊಳಗೆ ಆರು ಉಕ್ಕಿನ ಗುಂಡು ಇರುತ್ತೆ. ನಮ್ಮ ಭುಜದ ಕೀಲು ಹೇಗೋ ಹಾಗೆ ಅಂದ್ಕೊಳ್ಳಿ. ಈ ಆರು ಗುಂಡಿನ ಕೀಲನ್ನ ಆಲ್ಫ್ರೆಡ್ ರ್‍ಜೆಪ್ಪಾ ಅನ್ನೋ ಇಂಜಿನಿಯರ್ 1920ರ ದಶಕದಲ್ಲೇ ರೂಪಿಸಿದ್ರು. 1959ರಲ್ಲಿ ಇಂಗ್ಲೆಂಡಿನ ಮಿನಿ ಕಾರಿಗೆ ಇದೇ ಜಾತಿಯ ಕೀಲು ಬಂತು. 1983ರಲ್ಲಿ ಬಂದ ನಮ್ಮ ಮಾರುತಿ 800ರ ಮುಂದಿನ ಚಕ್ರಗಳಿಗೂ ಸಿವಿ ಜಾಯಿಂಟೇ.

ಈ ಕೀಲು ಬದುಕೋದು ಗ್ರೀಸ್‌ನಿಂದ. ಆ ಗ್ರೀಸ್ ಒಳಗೇ ಉಳೀಬೇಕು, ಹೊರಗಿನ ಕೆಸರು ಒಳಗೆ ಹೋಗಬಾರದು. ಇಷ್ಟಕ್ಕೇ ಇರೋದು ಬೂಟ್. ಹಾರ್ಮೋನಿಯಂ ತಿದಿ ಥರ ಮಡಿಕೆ ಮಡಿಕೆ ಇರೋ ಕಪ್ಪು ರಬ್ಬರ್ ಚೀಲ, ಎರಡೂ ಕಡೆ ಕ್ಲಾಂಪ್. ಅಷ್ಟೇ.

ಒಂದು ಮಾತು. ಸಣ್ಣ ಎಟಿವಿಗಳಲ್ಲಿ ಹಿಂದಿನ ಚಕ್ರಕ್ಕೆ ಬೈಕ್ ಥರ ಚೈನ್ ಇರುತ್ತೆ, ಒಂದೇ ಗಟ್ಟಿ ಆಕ್ಸಲ್. ಅದರಲ್ಲಿ ಈ ಬೂಟ್ ಇರಲ್ಲ. ನಿಮ್ಮ ಗಾಡಿ ಅಂಥದ್ದಾದ್ರೆ ನಿಮಗೆ ಈ ತಲೆನೋವೂ ಇಲ್ಲ.

ಏಪ್ರಿಲ್‌ನಲ್ಲಿ ನಾನು ಹೇಳಿದ್ದು

ಏಪ್ರಿಲ್‌ನಲ್ಲಿ ನಾನು ಊರಿಗೆ ಹೋಗಿದ್ದೆ. ಎಡಗಡೆ ಮುಂದಿನ ಚಕ್ರದ ಒಳಭಾಗದಲ್ಲಿ ಕಪ್ಪಗೆ ಗ್ರೀಸ್ ಎರಚಿತ್ತು. ಭಾವ ಬಗ್ಗಿ ನೋಡಿದ್ರು. ಬೂಟಿನ ಒಂದು ಮಡಿಕೆ ಅರ್ಧ ಇಂಚು ಹರಿದಿತ್ತು. ತೋಟದಲ್ಲಿ ಬಿದಿರಿನ ಚೂರು, ಕಡಿದ ಗಿಡದ ಮೊಳೆ, ಏನು ಬೇಕಾದ್ರೂ ತಾಗಿರಬಹುದು.

ಭಾವ ಅಂದ್ರು, "ಇದನ್ನ ಬಿಚ್ಚಿ ಬೂಟ್ ಹಾಕಿಸಬೇಕು ಕಣೋ. ಎರಡು-ಮೂರು ದಿನ ಗಾಡಿ ನಿಲ್ಲುತ್ತೆ."

ನಾನು ಬಿ.ಕಾಂ. ಓದಿದವನು ನೋಡಿ, ತಕ್ಷಣ ಲೆಕ್ಕ ಹಾಕ್ದೆ. "ಭಾವ, ಸೀಸನ್ ಶುರು ಆಗ್ತಿದೆ. ಮಕ್ಕಳಿಗೆ ರಜೆ, ರೂಮೆಲ್ಲ ಬುಕ್ ಆಗಿದೆ. ಗಾಡಿ ಚೆನ್ನಾಗೇ ಓಡ್ತಿದೆಯಲ್ಲ? ಒಂದು ಸದ್ದೂ ಇಲ್ಲ. ಈಗ ದುಡ್ಡು ಬರೋ ಟೈಮು, ಖರ್ಚನ್ನ ಮಳೆಗಾಲಕ್ಕೆ ತಳ್ಳಿ," ಅಂದೆ. ಭಾವ ಒಂದು ನಿಮಿಷ ಸುಮ್ನಿದ್ದು, "ನೀನು ಓದಿದವನು, ನೋಡು," ಅಂದು ಬಿಟ್ಟುಬಿಟ್ರು.

ಇಲ್ಲಿ ನನ್ನ ತಪ್ಪು ಏನು ಅಂತ ಗಮನಿಸಿ. ಸದ್ದಿಲ್ಲ ಅಂದ್ರೆ ತೊಂದರೆ ಇಲ್ಲ ಅಂದ್ಕೊಂಡೆ. ಬೂಟ್ ಹರಿದಾಗ ಸದ್ದಾಗಲ್ಲ. ತಿರುಗೋ ವೇಗಕ್ಕೆ ಗ್ರೀಸ್ ಸ್ವಲ್ಪ ಸ್ವಲ್ಪವೇ ಆಚೆ ಎರಚುತ್ತೆ. ಆ ಜಾಗಕ್ಕೆ ಧೂಳು ಬರುತ್ತೆ. ಮಳೆ ಬಂದ್ಮೇಲೆ ನೀರು, ಕೆಸರು, ಮರಳು. ಗ್ರೀಸ್ ಜೊತೆ ಮರಳು ಸೇರಿದ್ರೆ ಅದು ಗ್ರೀಸ್ ಅಲ್ಲ, ಸಾಣೆ ಹಿಡಿಯೋ ಪೇಸ್ಟ್. ಆ ಆರು ಗುಂಡು ಓಡಾಡೋ ಹಾದಿಯನ್ನ ಅದು ತಿನ್ನುತ್ತೆ. ಹಾದಿ ಸವೆದು ಗುಂಡು ಸಡಿಲ ಆದಾಗ, ತಿರುವಿನಲ್ಲಿ ಕಟ್ ಕಟ್ ಕಟ್ ಅಂತ ಸದ್ದು ಶುರುವಾಗುತ್ತೆ. ಆ ಸದ್ದು ಎಚ್ಚರಿಕೆ ಅಲ್ಲ, ಎಚ್ಚರಿಕೆ ಮುಗಿದ ಮೇಲೆ ಬರೋದು.

ನಮ್ಮ ಗಾಡಿಗೆ ಆ ಸದ್ದು ಬಂದಿದ್ದು ಜುಲೈನಲ್ಲಿ. ಸಕಲೇಶಪುರದ ಮಳೆ ಗೊತ್ತಲ್ಲ? ಅಂಗಳಕ್ಕೆ ಇಳಿಯೋಕೂ ಯೋಚನೆ ಮಾಡಬೇಕು. ರಿಪೇರಿ ಮತ್ತೆ ಮುಂದಕ್ಕೆ ಹೋಯ್ತು.

ಆಗಸ್ಟ್ 15ರ ಲಾಂಗ್ ವೀಕೆಂಡ್. ನಾನೂ ಅಲ್ಲೇ ಇದ್ದೆ. ಗೆಸ್ಟ್‌ಗಳಲ್ಲಿ ಒಬ್ಬರು ಹಿರಿಯರು, ಮಂಡಿ ನೋವು. ಮನೆಯವರೆಲ್ಲ ನಡೆದು ಗುಡ್ಡ ಹತ್ತಿದ್ರು. ಇವರನ್ನ ಭಾವ ಎಟಿವಿ ಹಿಂದಿನ ಸೀಟಲ್ಲಿ ಕೂರಿಸ್ಕೊಂಡು ಹೊರಟ್ರು. ಅರ್ಧ ಗುಡ್ಡದಲ್ಲಿ ಟಪ್ ಅಂತು. ಮುಂದೆ ಕರಕರ ಸದ್ದು, ಹ್ಯಾಂಡಲ್ ಎಡಕ್ಕೆ ಎಳೀತಿತ್ತು. ಹಿಂದಿನ ಚಕ್ರದ ಬಲದಲ್ಲಿ ಎಳ್ಕೊಂಡು ಹೋಗಬಹುದಿತ್ತೇನೋ. ಆದ್ರೆ ಮುರಿದ ಕೀಲಿನ ಪಕ್ಕದಲ್ಲೇ ಬ್ರೇಕ್ ಪೈಪ್ ಇರುತ್ತೆ. ಸರಳು ಹಾರಾಡಿ ಅದಕ್ಕೆ ಬಡಿದ್ರೆ ಇಳಿಜಾರಲ್ಲಿ ಬ್ರೇಕೇ ಇರಲ್ಲ. ಭಾವ ಗಾಡಿ ಅಲ್ಲೇ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅವರ ಕೈ ಹಿಡ್ಕೊಂಡು ಇಳಿಸಿದ್ರು. ಜಡಿಮಳೆ, ಜಿಗಣೆ, ಜಾರೋ ದಾರಿ. ಹತ್ತು ನಿಮಿಷದ ದಾರಿಗೆ ಒಂದು ಗಂಟೆ ಆಯ್ತು. ಆ ಹಿರಿಯರು ಬೇಜಾರು ಮಾಡ್ಕೊಳ್ಳಲಿಲ್ಲ. ಆದ್ರೆ ಜಗಲಿ ಮೇಲೆ ಕೂತ್ಮೇಲೆ ಅವರ ಕಾಲು ನಡುಗ್ತಿತ್ತು, ಅದನ್ನ ನಾನು ನೋಡ್ದೆ.

ಭಾವ ನನಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.

ಲೆಕ್ಕ

ಬೂಟ್ ಕಿಟ್, ಅಂದ್ರೆ ಬೂಟ್, ಎರಡು ಕ್ಲಾಂಪ್, ಗ್ರೀಸ್ ಪ್ಯಾಕೆಟ್, ಲಾಕ್ ರಿಂಗ್ ಎಲ್ಲ ಸೇರಿ ನಮ್ಮ ಗಾಡಿಗೆ 2,200 ರೂಪಾಯಿ. ಏಪ್ರಿಲ್‌ನಲ್ಲಿ ಆಗ್ತಿದ್ದ ಖರ್ಚು ಅಷ್ಟೇ.

ಆಗಸ್ಟ್‌ನಲ್ಲಿ ಆಗಿದ್ದು: ಹೊಸ ಆಕ್ಸಲ್ 26,500. ಗುಡ್ಡದಿಂದ ಗಾಡಿ ಎಳ್ಕೊಂಡು ಬರೋಕೆ ಜೀಪ್ ಬಾಡಿಗೆ 1,500. ಪಾರ್ಟ್ ಬರೋವರೆಗೆ 12 ದಿನ ಗಾಡಿ ನಿಂತು ತಪ್ಪಿದ ಸಂಪಾದನೆ ಸುಮಾರು 14,000. ಒಟ್ಟು 42 ಸಾವಿರ. ಬೂಟ್ ಖರ್ಚಿನ 19 ಪಟ್ಟು.

ಕಾಮರ್ಸ್ ಓದಿದವರಿಗೆ ಅಕ್ರುವಲ್ ಅನ್ನೋ ಪದ ಗೊತ್ತಿರುತ್ತೆ. ಬೇರೆಯವರಿಗೆ ಸರಳವಾಗಿ ಹೇಳ್ತೀನಿ. ಖರ್ಚು ಅನ್ನೋದು ನೀವು ದುಡ್ಡು ಕೊಟ್ಟ ದಿನ ಆಗೋದಲ್ಲ, ಅದು ಹುಟ್ಟಿದ ದಿನವೇ ಆಗಿಹೋಗಿರುತ್ತೆ. ಮಾರ್ಚ್ ತಿಂಗಳ ಕರೆಂಟ್ ಬಿಲ್ಲನ್ನ ಏಪ್ರಿಲ್‌ನಲ್ಲಿ ಕಟ್ಟಿದ್ರೂ ಅದು ಮಾರ್ಚ್ ಖರ್ಚೇ. ಇದನ್ನ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡವನು ನಾನು. ಬೂಟ್ ಹರಿದ ಆ ಏಪ್ರಿಲ್ ದಿನವೇ ಖರ್ಚು ಹುಟ್ಟಿತ್ತು. ನಾನು ಅದನ್ನ ಮುಂದಕ್ಕೆ ತಳ್ಳಿದೆ ಅಂದ್ಕೊಂಡೆ. ತಳ್ಳಲಿಲ್ಲ, ಬಡ್ಡಿಗೆ ಬಿಟ್ಟೆ ಅಷ್ಟೇ.

ಆಯುಧಪೂಜೆ ದಿನ ಕಂಡಿದ್ದು

ಆಯುಧಪೂಜೆಗೆ ಗಾಡಿ ತೊಳೆಯೋ ಕೆಲಸ ನನ್ನದು. ಬಾನೆಟ್ ಮೇಲೆ ಕುಂಕುಮ ಇಡ್ತೀವಿ, ಹಾರ ಹಾಕ್ತೀವಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡ್ತೀವಿ. ಆದ್ರೆ ಚಕ್ರದ ಹಿಂದೆ ಏನಿದೆ ಅಂತ ಯಾರು ನೋಡ್ತಾರೆ? ಈ ಸಲ ನಾನು ನೋಡ್ದೆ. ಬಲಗಡೆ ಮುಂದಿನ ಬೂಟಿನ ಮಡಿಕೆಯಲ್ಲಿ ಹೊಸ ಸೀಳು. ಗ್ರೀಸ್ ಇನ್ನೂ ಒಳಗೇ ಇತ್ತು, ಹೊರಗೆ ಬರೀ ಜಿಡ್ಡು.

"ಭಾವ, ಈಗಲೇ ಬಿಚ್ಚೋಣ," ಅಂದೆ. ಅಕ್ಕ ಬಾಗಿಲಿಂದಲೇ, "ಪೂಜೆಗೆ ಇಟ್ಟ ಸ್ಪ್ಯಾನರ್ ಇವತ್ತು ಮುಟ್ಟಿದ್ರೆ ನೋಡು," ಅಂದ್ಲು. ಸರಿ, ಅವತ್ತೇ ಫೋನಲ್ಲಿ ಕಿಟ್ ಆರ್ಡರ್ ಮಾಡ್ದೆ. ಅದು ಬರೋವರೆಗೂ ಗಾಡಿ ಹೊರಗೆ ತೆಗೀಲಿಲ್ಲ. ಆಗಸ್ಟ್‌ನಲ್ಲಿ ಆಕ್ಸಲ್ ಹಾಕಿಕೊಟ್ಟಿದ್ದ ಸಕಲೇಶಪುರದ ಜೀಪ್ ಮೆಕ್ಯಾನಿಕ್‌ಗೆ ಫೋನ್ ಮಾಡಿದ್ವಿ. ಅವರು, "ಸದ್ದು ಬರ್ತಿಲ್ಲ ತಾನೆ? ಹಾಗಾದ್ರೆ ನೀವೇ ಮಾಡ್ಕೊಳ್ಳಿ. ಸಿಕ್ಕಿಹಾಕ್ಕೊಂಡ್ರೆ ಫೋನ್ ಮಾಡಿ," ಅಂದ್ರು.

ಹೇಗೆ ಮಾಡಿದ್ವಿ

ಮೊದಲು ಸುರಕ್ಷತೆ. ಸಮತಟ್ಟಾದ ಗಟ್ಟಿ ಜಾಗದಲ್ಲಿ ಗಾಡಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಜ್ಯಾಕ್ ಎತ್ತೋಕೆ ಮಾತ್ರ, ಹೊರೋಕಲ್ಲ. ಎತ್ತಿದ ಮೇಲೆ ಕೆಳಗೆ ಸ್ಟ್ಯಾಂಡ್ ಇಲ್ಲವೇ ದಪ್ಪ ಮರದ ದಿಮ್ಮಿ ಕೊಡಲೇಬೇಕು. ಬರೀ ಜ್ಯಾಕ್ ನಂಬಿ ಕೈ ಒಳಗೆ ಹಾಕಬೇಡಿ.

ಎತ್ತೋ ಮುಂಚೆ, ಚಕ್ರ ನೆಲದ ಮೇಲಿರುವಾಗಲೇ ಮಧ್ಯದ ದೊಡ್ಡ ಆಕ್ಸಲ್ ನಟ್ಟನ್ನ ಸಡಿಲ ಮಾಡ್ಕೊಳ್ಳಿ. ಒಬ್ಬರು ಬ್ರೇಕ್ ಹಿಡೀಬೇಕು. ನಟ್ಟಿಗೆ ಅಡ್ಡ ಒಂದು ಸೀಳುಪಿನ್ನು ಇರುತ್ತೆ, ಅದನ್ನ ಮೊದಲು ತೆಗೀಬೇಕು. ಹಳೇ ಪಿನ್ನು ಮತ್ತೆ ಹಾಕಬೇಡಿ, ಹೊಸದು ಹತ್ತು ರೂಪಾಯಿ.

ಚಕ್ರ ಬಿಚ್ಚಿದ ಮೇಲೆ ಬ್ರೇಕ್ ಕ್ಯಾಲಿಪರ್ ತೆಗೆದು ತಂತಿಯಲ್ಲಿ ಮೇಲೆ ಕಟ್ಟಿ. ಪೈಪಲ್ಲಿ ನೇತಾಡೋಕೆ ಬಿಟ್ರೆ ಪೈಪ್ ಹಾಳು. ಮೇಲಿನ ಬಾಲ್ ಜಾಯಿಂಟ್ ಬೋಲ್ಟ್ ಬಿಚ್ಚಿದ್ರೆ ಚಕ್ರ ಕೂರೋ ಭಾಗ ಹೊರಕ್ಕೆ ವಾಲುತ್ತೆ, ಆಕ್ಸಲ್ ತುದಿ ಆಚೆ ಬರುತ್ತೆ. ನಮ್ಮದು ಬರಲಿಲ್ಲ, ಕಚ್ಚಿಕೊಂಡಿತ್ತು. ಇಲ್ಲಿ ಸುತ್ತಿಗೆಯಲ್ಲಿ ನೇರ ಹೊಡೆದ್ರೆ ಮರೆ ಕೆಟ್ಟು ನಟ್ ಕೂರಲ್ಲ. ಹಳೇ ನಟ್ಟನ್ನ ತುದಿ ಸಮಕ್ಕೆ ತಿರುಗಿಸಿಟ್ಟು, ಮೇಲೆ ಮರದ ತುಂಡು ಇಟ್ಟು ಮೆಲ್ಲಗೆ ಬಡೀಬೇಕು. ನಾಲ್ಕು ಏಟಿಗೆ ಬಂತು.

ಒಳಗಿನ ತುದಿ ಗೇರ್ ಪೆಟ್ಟಿಗೆಯಲ್ಲಿ ಒಂದು ಸಣ್ಣ ಲಾಕ್ ರಿಂಗ್ ಮೇಲೆ ನಿಂತಿರುತ್ತೆ. ಸರಳು ಹಿಡಿದು ಜಗ್ಗಿದ್ರೆ ಒಳಗಿನ ಕೀಲು ಕಳಚಿ ಬರುತ್ತೆ. ಕೀಲಿನ ಬುಡಕ್ಕೆ ಸಣ್ಣ ಹಾರೆ ಕೊಟ್ಟು ಒಂದೇ ಸಲ ಮೀಟಬೇಕು. ಕೆಳಗೆ ಒಂದು ಬಟ್ಟಲು ಇಡಿ, ಗೇರ್ ಆಯಿಲ್ ಸ್ವಲ್ಪ ಸುರಿಯುತ್ತೆ. ಎಷ್ಟು ಸುರೀತೋ ಅಷ್ಟು ಕೊನೇಲಿ ತುಂಬಬೇಕು.

ಈಗ ಆಕ್ಸಲ್ ಕೈಗೆ ಬಂತು. ಜಗಲಿ ಪಕ್ಕದ ವೈಸ್‌ಗೆ ಕಟ್ಟಿದ್ವಿ, ಕಚ್ಚದಿರಲಿ ಅಂತ ಎರಡೂ ಕಡೆ ಮರದ ಚೂರು. ಹಳೇ ಕ್ಲಾಂಪ್ ಕತ್ತರಿಸಿ, ಬೂಟ್ ಕೊಯ್ದು ತೆಗೆದ್ವಿ. ಕೆಲವು ಗಾಡಿಗಳಲ್ಲಿ ಕೀಲನ್ನ ಹಿಡಿದಿರೋ ರಿಂಗ್ ಕಣ್ಣಿಗೆ ಕಾಣುತ್ತೆ, ಪ್ಲೈಯರ್‌ನಲ್ಲಿ ಅಗಲಿಸಿ ತೆಗೀಬಹುದು. ನಮ್ಮದರಲ್ಲಿ ಒಳಗೆ ಅಡಗಿತ್ತು. ಅಂಥದ್ದಕ್ಕೆ ಕೀಲಿನ ಒಳ ಬಳೆಗೆ ಹಿತ್ತಾಳೆ ತುಂಡು ಇಟ್ಟು ಹೊರಮುಖವಾಗಿ ಬಡಿದ್ರೆ ಕಳಚುತ್ತೆ. ಗುಂಡುಗಳಿಗೆ, ಅವನ್ನ ಹಿಡಿದಿರೋ ಪಂಜರಕ್ಕೆ ಏಟು ಬೀಳಬಾರದು.

ಆಮೇಲೆ ತೊಳೆಯೋದು. ಡೀಸೆಲ್‌ನಲ್ಲಿ ಬ್ರಷ್ ಹಾಕಿ ಹಳೇ ಗ್ರೀಸ್ ಪೂರ್ತಿ ತೆಗೆದು, ಒರೆಸಿ, ಒಣಗಿಸಿದ್ವಿ. ಈ ಕೆಲಸದಲ್ಲಿ ಮುಖ್ಯವಾದ ಐದು ನಿಮಿಷ ಇದೇ. ಫೋನ್ ಟಾರ್ಚ್ ಹಾಕಿ, ಕೀಲನ್ನ ಓರೆ ಮಾಡ್ತಾ ಒಂದೊಂದು ಗುಂಡು, ಅದು ಓಡೋ ಹಾದಿ ನೋಡಿ. ನುಣ್ಣಗೆ ಹೊಳೀತಿದ್ರೆ ಸರಿ. ಉಗುರಿಗೆ ತಗಲೋ ಗುಂಡಿ, ಪದರ ಎದ್ದಿರೋದು, ಬಿರುಕು ಕಂಡ್ರೆ ಅಲ್ಲಿಗೇ ನಿಲ್ಲಿಸಿ. ಅದಕ್ಕೆ ಹೊಸ ಬೂಟ್ ಹಾಕೋದು ಕೊಳೆತ ಹಲ್ಲಿಗೆ ಬರೀ ಬಣ್ಣ ಬಳಿದ ಹಾಗೆ. ಕೀಲು ಇಲ್ಲಾ ಆಕ್ಸಲ್ಲೇ ಬದಲಾಯಿಸಬೇಕು. ನಮ್ಮದು ನುಣ್ಣಗಿತ್ತು. ಭಾವ ಅದನ್ನ ಬೆಳಕಿಗೆ ಹಿಡಿದು ಎರಡು ಸಲ ನೋಡಿದ್ರು.

ಗ್ರೀಸ್ ಯಾವುದಾದ್ರೂ ಆಗಲ್ಲ. ಕಿಟ್ ಜೊತೆ ಬರೋ ಕಪ್ಪು ಗ್ರೀಸ್‌ನಲ್ಲಿ ಮಾಲಿಬ್ಡಿನಮ್ ಇರುತ್ತೆ, ಭಾರಿ ಒತ್ತಡ ತಡೆಯುತ್ತೆ. ಅದನ್ನ ಬೆರಳಲ್ಲಿ ಒತ್ತಿ ಒತ್ತಿ ಗುಂಡಿನ ಸಂದಿಗೆಲ್ಲ ತುಂಬಬೇಕು, ಉಳಿದಿದ್ದನ್ನ ಬೂಟ್ ಒಳಗೆ ಹಾಕಬೇಕು.

ಇಲ್ಲೊಂದು ತಮಾಷೆ. ಗ್ರೀಸ್ ತುಂಬಿ, ಹೊಸ ರಿಂಗ್ ಹಾಕಿ, ಕೀಲನ್ನ ಟಕ್ ಅಂತ ಕೂರಿಸಿ, ಇಬ್ಬರೂ ಖುಷಿಯಲ್ಲಿ ಕಾಫಿ ಕುಡಿಯೋಕೆ ಕೂತ್ವಿ. ಅಕ್ಕ ಲೋಟ ಇಡ್ತಾ, "ಈ ರಬ್ಬರ್ ಎಲ್ಲಿ ಹಾಕೋದು?" ಅಂದ್ಲು. ಹೊಸ ಬೂಟ್ ಮೇಜಿನ ಮೇಲೇ ಇತ್ತು! ಸಣ್ಣ ಕ್ಲಾಂಪ್, ಬೂಟ್ ಎರಡನ್ನೂ ಮೊದಲೇ ಸರಳಿಗೆ ಪೋಣಿಸಿ, ಆಮೇಲೆ ಕೀಲು ಹಾಕಬೇಕು. ಮತ್ತೆ ಕಳಚಿದ್ವಿ. ಫೋನ್‌ನಲ್ಲಿ ಕ್ರಮ ಬರೆದಿಟ್ಕೊಳ್ಳಿ, ನಮ್ಮ ಥರ ಮಾಡಬೇಡಿ.

ಬೂಟ್ ಕೂರಿಸಿದ ಮೇಲೆ ಸಣ್ಣ ಬಾಯಿಯ ಅಂಚಿಗೆ ಮೊಂಡಾದ ತೆಳು ಸ್ಕ್ರೂಡ್ರೈವರ್ ತೂರಿಸಿ ಒಳಗಿನ ಗಾಳಿ ಬಿಡಿ. ಗಾಳಿ ಸಿಕ್ಕಿಹಾಕ್ಕೊಂಡ್ರೆ ಬೂಟ್ ಬಲೂನ್ ಥರ ಉಬ್ಬಿ ಬೇಗ ಹರಿಯುತ್ತೆ. ಮಡಿಕೆಗಳು ತಿರುಚದೆ ಸಹಜವಾಗಿ ನಿಂತ ಮೇಲೆ ಕ್ಲಾಂಪ್ ಬಿಗಿ ಮಾಡಿ. ಅದಕ್ಕೆ ಬೇರೇನೇ ಇಕ್ಕಳ ಬರುತ್ತೆ. ಪ್ಲಾಸ್ಟಿಕ್ ಟ್ಯಾಗ್ ಕಟ್ಟಿ ಸಾಕು ಅಂದ್ಕೊಂಡ್ರೆ ಒಂದೇ ತಿಂಗಳಿಗೆ ಜಾರುತ್ತೆ.

ಜೋಡಿಸೋದು ಬಿಚ್ಚಿದ್ದರ ಉಲ್ಟಾ. ಒಳತುದಿಯನ್ನ ತಳ್ಳಿದಾಗ ಟಕ್ ಅನ್ನಬೇಕು. ಒಂದು ಸಲ ಮೆಲ್ಲಗೆ ಎಳೆದು ನೋಡಿ, ಬರಬಾರದು. ಆಕ್ಸಲ್ ನಟ್, ಬಾಲ್ ಜಾಯಿಂಟ್ ಬೋಲ್ಟ್, ವೀಲ್ ನಟ್ ಇವನ್ನೆಲ್ಲ ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಬರೆದಷ್ಟೇ ಬಿಗಿ ಮಾಡಬೇಕು, ಟಾರ್ಕ್ ರೆಂಚ್ ಹಾಕಿ. ಗೇರ್ ಆಯಿಲ್ ತುಂಬಿ, ಬ್ರೇಕ್ ನಾಲ್ಕು ಸಲ ಒತ್ತಿ ನೋಡಿ, ಆಮೇಲೆ ಅಂಗಳದಲ್ಲೇ ಎರಡೂ ಕಡೆ ಪೂರ್ತಿ ತಿರುಗಿಸಿ ಒಂದು ಸುತ್ತು.

ನಮಗೆ ಐದು ಗಂಟೆ ಹಿಡೀತು. ಕಿಟ್ 2,200, ಇಕ್ಕಳ ಮತ್ತೆ ಟಾರ್ಕ್ ರೆಂಚ್ 3,500. ಟೂಲ್ಸ್ ಮನೇಲೇ ಉಳೀತು.

ನಿಮ್ಮ ಮನೆ ಕಾರಿಗೂ

ಎಟಿವಿ ನಮ್ಮನೇಲಿ ಇಲ್ಲ, ಇದೆಲ್ಲ ನಮಗ್ಯಾಕೆ ಅಂತೀರಾ? ನಿಮ್ಮ ಅಪ್ಪನ ಆಲ್ಟೋ, ಮಾವನ ಸ್ವಿಫ್ಟ್, ಪಕ್ಕದ ಮನೆ ಐ10, ಎಲ್ಲದರ ಮುಂದಿನ ಚಕ್ರದ ಹಿಂದೆಯೂ ಇದೇ ಬೂಟ್ ಇದೆ. ಭಾನುವಾರ ಸ್ಟೀರಿಂಗನ್ನ ಒಂದು ಕಡೆ ಪೂರ್ತಿ ತಿರುಗಿಸಿ, ಗಾಡಿ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರದ ಹಿಂದೆ ಟಾರ್ಚ್ ಬಿಡಿ. ಒಣಗಿದ ಕಪ್ಪು ರಬ್ಬರ್ ಕಂಡ್ರೆ ಸರಿ. ರಿಮ್ ಒಳಗೆ ಗ್ರೀಸ್ ಎರಚಿದ್ರೆ, ಮಡಿಕೆಯಲ್ಲಿ ಸೀಳು ಕಂಡ್ರೆ, ಒಂದು ಫೋಟೋ ತೆಗೆದು ಮೆಕ್ಯಾನಿಕ್‌ಗೆ ಅವತ್ತೇ ಕಳಿಸಿ. ಇನ್ನೊಂದು ಕಡೆನೂ ನೋಡಿ. ಎರಡು ನಿಮಿಷದ ಕೆಲಸ.

ಭಾವ ಈಗ ತೋಟದ ಲೆಕ್ಕದ ಪುಸ್ತಕದಲ್ಲಿ ಹೊಸದೊಂದು ಸಾಲು ಸೇರಿಸಿದ್ದಾರೆ. ಪ್ರತಿ ತಿಂಗಳ ಒಂದನೇ ತಾರೀಖು, ಆಳುಗಳ ಸಂಬಳಕ್ಕಿಂತ ಮೇಲೆ, "ನಾಲ್ಕೂ ಚಕ್ರದ ಬೂಟ್ ನೋಡಿದ್ದು" ಅಂತ ಬರೆದು ಸಹಿ ಹಾಕ್ತಾರೆ. ಹೋದ ತಿಂಗಳು ನಾನು ಹೋದಾಗ ಪುಸ್ತಕ ನನ್ನ ಮುಂದೆ ಇಟ್ಟು, "ನೀನೇ ನೋಡಿ ಸಹಿ ಹಾಕೋ," ಅಂದ್ರು. ಟಾರ್ಚ್ ತಗೊಂಡು ಕೆಳಗೆ ಬಗ್ಗಿದೆ. ಎಲ್ಲ ಒಣಗಿತ್ತು. ಸಹಿ ಹಾಕ್ದೆ.

ನೀವೂ ಹೀಗೆ ಯಾವುದಾದ್ರೂ ಸಣ್ಣ ರಿಪೇರಿ ಮುಂದಕ್ಕೆ ತಳ್ಳಿ ಪೆಟ್ಟು ತಿಂದಿದ್ರೆ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀನಿ. ಅಲ್ಲೀವರೆಗೂ ಹುಷಾರಾಗಿ ಓಡಿಸಿ. ನಮಸ್ಕಾರ.